ಖಾಲಿ ಜಾಗಕ್ಕೂ ಒಂದು ಬಿಂದು: ನಸ್ರೀನ್ ಬಾನು ಮೇಡಂ ಮತ್ತು ಹೊಸದುರ್ಗದ ಸಂತೆಮನೆ

ಊರು ಕಟ್ಟುವ ವಿದ್ಯೆಯಲ್ಲಿ ನಮ್ಮ ನಾಡಿನಲ್ಲಿ ದುಡಿದವರು ಬಹಳ ಮಂದಿ. ರಸ್ತೆ ಅಗಲಿಸಿದವರಿದ್ದಾರೆ, ಬಡಾವಣೆಗಳನ್ನು ಗೆರೆಯೆಳೆದು ಹಂಚಿದವರಿದ್ದಾರೆ, ಕೆರೆಯಂಗಳ ಉಳಿಸಲು ಹೆಣಗಿದವರಿದ್ದಾರೆ. ಇವರೆಲ್ಲರ ಕೈಯಲ್ಲಿದ್ದ ಅಳತೆ ಚದರಡಿಯದು. ನೆಲವನ್ನು ಹಂಚಿದರೆ ಅದರ ಮೇಲಿನ ಅವಕಾಶವೂ, ಅಂದರೆ ಖಾಲಿ ಜಾಗವೂ, ತಾನಾಗಿಯೇ ಹಂಚಿಹೋಗುತ್ತದೆಂಬ ನಂಬಿಕೆಯನ್ನು ಕೆದಕಿ ನೋಡಿದವರು ಕಡಿಮೆ. ಚಿತ್ರದುರ್ಗದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಪ್ರೊಫೆಸರ್ ನಸ್ರೀನ್ ಬಾನು ಅವರು ಅದನ್ನು ಕೆದಕಿದರು. ನೆಲದಿಂದ ಸೂರಿನವರೆಗಿನ ಇಡೀ ಅವಕಾಶವನ್ನು ಗೂಡುಗೂಡಾಗಿ ಹಂಚಬಹುದೇ, ಹಂಚಿದರೆ ಯಾರಿಗೆ ಎಷ್ಟು ಸಲ್ಲಬೇಕು ಎಂಬುದೇ ಅವರ ಜೀವಮಾನದ ಪ್ರಶ್ನೆಯಾಯಿತು. ಪಂಡಿತರು ಅದನ್ನು ಕೋಶ ಜ್ಯಾಮಿತಿ ಎನ್ನುತ್ತಾರೆ. ಅವರ ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಗೂಡಿನ ಲೆಕ್ಕ’.

ನಸ್ರೀನ್ ಅವರ ತಂದೆ ದಿಲಾವರ್ ಸಾಹೇಬರು ಚಿತ್ರದುರ್ಗದ ಪೇಟೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ಸೀಮೆಎಣ್ಣೆ ಡಬ್ಬಿ, ಆಲಿಕೆ, ಟ್ರಂಕು ಮೊದಲಾದವೆಲ್ಲ ಅವರ ಕೈಯಿಂದ ಆಗುತ್ತಿದ್ದವು. ಶಾಲೆ ಬಿಟ್ಟ ಮೇಲೆ ಮಗಳು ಅಂಗಡಿಯ ಹೊಸ್ತಿಲಲ್ಲಿ ಕೂತರೆ ಅವರು ಕತ್ತರಿಸಿದ ತಗಡೊಂದನ್ನು ಅವಳ ಮುಂದೆ ಚಪ್ಪಟೆಯಾಗಿ ಹಾಸಿ, “ಬೇಟಿ, ಇದನ್ನ ಮಡಚಿದ್ರೆ ಏನಾಗ್ತೈತೆ ಹೇಳು ನೋಡಾಣ” ಎನ್ನುತ್ತಿದ್ದರಂತೆ. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ, ಮಡಚಿ ತೋರಿಸುತ್ತಿದ್ದರು. ಹತ್ತನೆಯ ವಯಸ್ಸಿಗೆ ಆ ಹುಡುಗಿ ತಗಡಿನ ಮೇಲೆ ಗೀಚಿದ ಗೆರೆ ನೋಡಿಯೇ ಅದು ಯಾವ ಡಬ್ಬಿ ಎಂದು ಹೇಳುವಷ್ಟು ಪಳಗಿದ್ದಳು. ಮೈಸೂರಿನಲ್ಲಿ ವಾಸ್ತುಶಿಲ್ಪ ಓದಿ ಚಿನ್ನದ ಪದಕ ಪಡೆದಾಗ ಅಲ್ಲಿಯೇ ಕೆಲಸ ಸಿಗುವಂತಿದ್ದರೂ ಅವರು ಊರಿಗೆ ಮರಳಿ, ೧೯೯೧ರಲ್ಲಿ ಕಾಲೇಜಿನ ಡ್ರಾಯಿಂಗ್ ವಿಭಾಗಕ್ಕೆ ಸೇರಿಕೊಂಡರು.

ಸೇರಿ ಐದು ವರ್ಷವಾಗಿದ್ದಾಗ ನಡೆದ ಒಂದು ಪ್ರಸಂಗವನ್ನು ಆಗಿನ ವಿದ್ಯಾರ್ಥಿಗಳು ಇಂದಿಗೂ ನಕ್ಕು ನೆನೆಯುತ್ತಾರೆ. ದಾಳಿಂಬೆ ಹಣ್ಣು ಒಡೆದರೆ ಒಳಗಿನ ಕಾಳುಗಳು ಗುಂಡಗಿರದೆ ಒಂದಕ್ಕೊಂದು ಒತ್ತಿಕೊಂಡು ಚಪ್ಪಟೆ ಮುಖಗಳನ್ನು ತಾಳಿರುತ್ತವಷ್ಟೆ. ನಡುವೆ ಸಂದಿಯೇ ಇರುವುದಿಲ್ಲ, ಆದರೂ ಎರಡು ಕಾಳು ಒಂದೇ ಆಕಾರದವಲ್ಲ. ಇದು ಹೇಗೆ ಎಂಬ ಕುತೂಹಲ ನಸ್ರೀನ್ ಅವರನ್ನು ಹಿಡಿಯಿತು. ತಂದೆಯಿಂದ ಗಟ್ಟಿ ತಗಡಿನ ಡಬ್ಬಿ ಮಾಡಿಸಿ, ಅದರ ತುಂಬ ಒಣ ಕಡಲೆಕಾಳು ಹಾಕಿ ನೀರು ತುಂಬಿ, ಮುಚ್ಚಳಕ್ಕೆ ಬೆಸುಗೆ ಹಾಕಿಸಿ ಮರುದಿನ ತರಗತಿಗೆ ತಂದರು. ಊದಿದ ಕಡಲೆ ಪರಸ್ಪರ ಒತ್ತಿಕೊಂಡು ಯಾವ ಆಕಾರ ತಾಳುತ್ತದೆಂದು ತೋರಿಸುವುದು ಅವರ ಉದ್ದೇಶ. ಡಬ್ಬಿ ಅಷ್ಟು ಹೊತ್ತು ಕಾಯಲಿಲ್ಲ. ಪ್ರಾಂಶುಪಾಲರು ತರಗತಿಯ ತಪಾಸಣೆಗೆಂದು ಒಳಗೆ ಕಾಲಿಟ್ಟ ಹೊತ್ತಿಗೇ ಬೆಸುಗೆ ಬಿರಿದು, ಕಡಲೆಕಾಳು ಅವರ ಬೂಟಿನ ತನಕ ಚೆಲ್ಲಿತು.

“ಇದೇನ್ ಮೇಡಂ, ಕ್ಲಾಸಲ್ಲಿ ಗುಗ್ಗರಿ ಮಾಡ್ತಿದೀರಾ?” ಎಂದರು ಪ್ರಾಂಶುಪಾಲರು.

ನಸ್ರೀನ್ ಅವರು ಆಗಲೇ ನೆಲದ ಮೇಲೆ ಮಂಡಿಯೂರಿ ಒಂದು ಕಾಳನ್ನು ಬೆಳಕಿಗೆ ಹಿಡಿದಿದ್ದರು. “ಸರ್, ಇದಕ್ಕೆ ಹದಿಮೂರು ಮುಖ ಅವೆ. ನಿಮ್ಮ ಕಾಲ್ ಹತ್ರ ಇರೋದನ್ನ ಸ್ವಲ್ಪ ಎಣಿಸ್ತೀರಾ?” ಎಂದು ಕೇಳಿದರು. ಪ್ರಾಂಶುಪಾಲರು ಕನ್ನಡಕ ಸರಿಮಾಡಿಕೊಂಡು, ನಿಜವಾಗಿಯೂ ಬಗ್ಗಿ ಎಣಿಸಿದರೆಂದು ಪ್ರತ್ಯಕ್ಷ ಕಂಡವರು ಹೇಳುತ್ತಾರೆ. ಹನ್ನೆರಡು ಬಂತಂತೆ.

ಆ ದಿನ ಅವರು ಕಲಿಸಿದ ತತ್ತ್ವ ಸರಳವಾದುದು. ಒಂದು ಕೋಣೆಯ ಅವಕಾಶದಲ್ಲಿ ಅಲ್ಲಲ್ಲಿ ಬಿಂದುಗಳನ್ನು ಇಡಿ. ಅವಕಾಶದ ಪ್ರತಿಯೊಂದು ಚೂರೂ ತನಗೆ ಅತ್ಯಂತ ಹತ್ತಿರದ ಬಿಂದುವಿಗೆ ಸೇರಲಿ. ಎರಡು ಬಿಂದುಗಳ ನಡುವಿನ ಸರಿ ಮಧ್ಯದಲ್ಲಿ ಒಂದು ಗೋಡೆ ತಾನಾಗಿ ಹುಟ್ಟುತ್ತದೆ. ಹೀಗೆ ಹುಟ್ಟಿದ ಗೋಡೆಗಳೆಲ್ಲ ಕೂಡಿ ಗೂಡುಗಳಾಗುತ್ತವೆ. ಯಾವ ಬಿಂದುವಿಗೆ ಹೆಚ್ಚು ಬೇಕೋ ಅದಕ್ಕೆ ತೂಕ ಹೆಚ್ಚಿಸಿದರೆ ಗೋಡೆ ಪಕ್ಕದವರ ಕಡೆಗೆ ಅಷ್ಟು ಸರಿಯುತ್ತದೆ.

ಕಟ್ಟಡವೆಂದರೆ ಗೋಡೆಯಲ್ಲ, ಗೋಡೆಯ ನಡುವಿನ ಅವಕಾಶ ಎಂಬುದನ್ನು ಮನಗಾಣಿಸಲು ಅವರು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳನ್ನು ಚಂದ್ರವಳ್ಳಿಯ ಗುಹೆಗೆ ಕರೆದೊಯ್ಯುತ್ತಿದ್ದರು. ಹಗ್ಗ, ಟಾರ್ಚು, ದಾರದುಂಡೆ ಕೊಟ್ಟು, “ಕಲ್ಲನ್ನ ಅಳೀಬ್ಯಾಡ್ರಿ, ಖಾಲೀನ ಅಳ್ಕಂಡು ಬರ್ರಿ” ಎಂದು ಒಳಗೆ ಕಳಿಸುತ್ತಿದ್ದರು. ಖಾಲಿಯನ್ನು ಅಳೆಯುವುದು ಹೇಗೆಂದು ತಿಳಿಯದೆ ಬೆವರಿಳಿಸಿದ ಅನುಭವ ಇಪ್ಪತ್ತೆಂಟು ತಂಡಗಳ ವಿದ್ಯಾರ್ಥಿಗಳಿಗೂ ಉಂಟು.

೨೦೦೪ರಲ್ಲಿ ಬಂದ ತಂಡದಲ್ಲಿ ಪ್ರಭು ಎಂಬ ಹುಡುಗನಿದ್ದ. ಶ್ರೀರಾಂಪುರದಿಂದ ಒಳಗೆ ಮೂರು ಮೈಲಿ ದೂರದ ಹಳ್ಳಿಯ ಕುರಿ ಸಾಕುವ ಮನೆತನದವನು. ಆ ಪ್ರಭುವೇ ಈ ಲೇಖನವನ್ನು ಬರೆಯುತ್ತಿರುವವನು. ಆದರೆ ಇದು ಅವನ ಕಥೆಯಲ್ಲವಾದ್ದರಿಂದ ಇಲ್ಲಿ ಅವನನ್ನು ಹೊರಗಿನವನಂತೆಯೇ ನಡೆಸಿಕೊಳ್ಳಲಾಗಿದೆ. ಅವನು ಡ್ರಾಯಿಂಗ್ ವಿಷಯದಲ್ಲಿ ಎರಡು ಬಾರಿ ನಪಾಸಾಗಿ, ಟಿ.ಸಿ. ತೆಗೆದುಕೊಳ್ಳಲು ಅರ್ಜಿ ಬರೆದಿದ್ದ. ಸಹಿಗೆಂದು ಹೋದಾಗ ಮೇಡಂ ಅರ್ಜಿಯನ್ನು ಓದಿ ಬದಿಗಿಟ್ಟು, “ನಿಮ್ಮ ರೊಪ್ಪದಾಗೆ ಕುರಿ ಹೆಂಗೆ ಕೂಡ್ತೀರಿ?” ಎಂದು ಕೇಳಿದರು. ಮರಿ ಒಂದು ಕಡೆ, ಈದ ಕುರಿ ಒಂದು ಕಡೆ, ಟಗರು ಬೇರೆ ಎಂದು ಅವನು ಹೇಳತೊಡಗಿದ. ಹೇಳುವುದು ಸಾಲದೆಂದು ಕಂದು ಕಾಗದ ಕೊಟ್ಟರು. ಬರೆದ. ಮೇಲಿನಿಂದ ನೋಡಿದ ಹಾಗೆ ಒಮ್ಮೆ, ಪಕ್ಕದಿಂದ ಕೊಯ್ದು ನೋಡಿದ ಹಾಗೆ ಇನ್ನೊಮ್ಮೆ ಬರೆಸಿದರು. ಮುಂದಿನ ಭಾನುವಾರ ಅವರು ಶ್ರೀರಾಂಪುರದ ಬಸ್ಸಿಳಿದು ಅಲ್ಲಿಂದ ನಡೆದೇ ಹಳ್ಳಿಗೆ ಬಂದರು. ರೊಪ್ಪದ ಬೇಲಿಯೊಳಗೆ ಹೊಕ್ಕು, ಗೊಬ್ಬರದ ಮೇಲೆ ನಿಂತು, ಅವನ ಅಳತೆ ಸರಿಯಿದೆಯೇ ಎಂದು ತಾಳೆ ನೋಡಿದರು. ಸೋಮವಾರ ತರಗತಿಯ ಗೋಡೆಯ ಮೇಲೆ ಆ ಚಿತ್ರ ನೇತಾಡುತ್ತಿತ್ತು. ಕೆಳಗೆ ಅವರ ಅಚ್ಚುಕಟ್ಟಾದ ಅಕ್ಷರದಲ್ಲಿ, ‘ಕುರಿ ರೊಪ್ಪ. ಅಳತೆ ಮತ್ತು ನಕ್ಷೆ: ಪ್ರಭು’ ಎಂದಿತ್ತು. ಟಿ.ಸಿ. ಅರ್ಜಿ ಏನಾಯಿತೆಂದು ಅವನು ಮುಂದೆಂದೂ ಕೇಳಲಿಲ್ಲ.

ಹನ್ನೆರಡು ವರ್ಷಗಳ ನಂತರ ಅದೇ ಪ್ರಭು ಹೊಸದುರ್ಗದ ಸಂತೆ ವ್ಯಾಪಾರಿಗಳ ಸಂಘಕ್ಕೆ ಇಂಜಿನಿಯರಾಗಿ ನೇಮಕಗೊಂಡ. ಹಳೆಯ ಚಾವಡಿ ಕೆಡವಿ ‘ಸಂತೆಮನೆ’ ಎಂಬ ಎರಡಂತಸ್ತಿನ ಕಟ್ಟಡ ಎಬ್ಬಿಸುವುದೆಂದು ಸಂಘ ತೀರ್ಮಾನಿಸಿತ್ತು. ಜಾಗ ಚಿಕ್ಕದು, ಅದರಲ್ಲೂ ಇಳಿಜಾರು. ಒಂದು ಬದಿಯ ಬೀದಿಗಿಂತ ಇನ್ನೊಂದು ಬದಿಯ ಬೀದಿ ಏಳು ಅಡಿ ಎತ್ತರ. ವ್ಯಾಪಾರಿಗಳು ಎಪ್ಪತ್ತನಾಲ್ಕು ಮಂದಿ. ಒಂದೇ ಅಳತೆಯ ಮಳಿಗೆಗಳನ್ನು ಸಾಲಾಗಿ ಕಟ್ಟಿ ಚೀಟಿ ಎತ್ತಿ ಹಂಚುವುದೆಂಬ ನಕ್ಷೆಯೂ ಸಿದ್ಧವಾಗಿತ್ತು. ಅದನ್ನು ಸಭೆಯಲ್ಲಿ ಬಿಚ್ಚಿದಾಗ ನಲವತ್ತು ವರ್ಷದಿಂದ ಕಂಬಳಿ ಮಾರುತ್ತಿದ್ದ ಕಾಟಮ್ಮ ಎದ್ದು ನಿಂತರು.

“ಚೀಟಿ ಎತ್ತೋದು ಸರಿ ಕಣ್ರಿ. ಹಿಂದ್ಲು ಮಹಡಿ ಬಂದೋರ ಗತಿ ಏನು? ಕತ್ಲೆಗೆ ಹತ್ತಿ ಬಂದು ನನ್ ಕಂಬ್ಳಿ ಯಾರು ನೋಡ್ತಾರೆ?”

ಸಂಘದ ಅಧ್ಯಕ್ಷರು ಬೇಳೆಕಾಳಿನ ವ್ಯಾಪಾರಿ ನಾಗರಾಜ್. “ಯಾರಾದ್ರೂ ಒಬ್ರು ಹಿಂದೆ ಕುಂತ್ಕಳ್ಳೇಬೇಕಲ್ಲ ಕಾಟಮ್ಮ” ಎಂದರು. ಹಿಂಬದಿಯ ಮಹಡಿಯಲ್ಲಿ ಇಪ್ಪತ್ತಮೂರು ಮಳಿಗೆಗಳಿಗೆ ಕಿಟಕಿಯೇ ಇರಲಿಲ್ಲ. ಅಂಥ ಮಳಿಗೆ ಬಂದವರು ಒಂದೆರಡು ವರ್ಷದಲ್ಲಿ ಮತ್ತೆ ರಸ್ತೆ ಬದಿಗೆ ಬಂದು ಕೂರುವರೆಂದು ಎಲ್ಲರಿಗೂ ಗೊತ್ತಿತ್ತು. ಪ್ರಭು ತನ್ನ ಗುರುಗಳಿಗೆ ಫೋನು ಮಾಡಿದ. ಎರಡು ತಿಂಗಳ ಗಡುವು ಕೊಟ್ಟು, ಅಷ್ಟರೊಳಗೆ ಬೇರೆ ನಕ್ಷೆ ಬಾರದಿದ್ದರೆ ಚೀಟಿ ಎತ್ತುವುದೆಂದು ಸಂಘ ಹೇಳಿತು.

ನಸ್ರೀನ್ ಅವರು ಬಂದವರೇ ಕಾಗದ ಬಿಚ್ಚಲಿಲ್ಲ. ಪ್ರತಿ ಸಂತೆಯ ದಿನ ಬೆಳಗಿನಿಂದ ಸಂಜೆಯವರೆಗೆ ಒಬ್ಬೊಬ್ಬರ ಪಕ್ಕದಲ್ಲಿ ಕೂತರು. “ನೀವು ಕುಂತಲ್ಲಿಂದ ನಿಮ್ಮ ಕೈ ಎಲ್ಲೀತನಕ ಹೋಗ್ತೈತೆ? ತಲೆ ಮ್ಯಾಲೆ ಎಷ್ಟು ಬೇಕು?” ಎಂಬುದೇ ಅವರ ಪ್ರಶ್ನೆ. ಸೊಪ್ಪು ಮಾರುವ ದ್ಯಾಮಮ್ಮನಿಗೆ ನಗು. “ನಂಗ್ಯಾಕೆ ಮೇಡಮ್ಮ ತಲೆ ಮ್ಯಾಲೆ? ಕುಂತೋಳು ಸಂಜೀಗೆ ಏಳ್ತೀನಿ” ಎಂದರು. ಕಾಟಮ್ಮನಿಗಾದರೋ ಕಂಬಳಿ ಬಿಚ್ಚಿ ನೇತುಹಾಕಲು ಹನ್ನೊಂದಡಿ ಎತ್ತರ ಬೇಕು. ಮಡಕೆಯವರಿಗೆ ಅಗಲ ಬೇಕು, ಎತ್ತರ ಬೇಡ. ಮಳಿಗೆಗಳನ್ನೆಲ್ಲ ಒಂದೇ ಅಳತೆಗೆ ಕಟ್ಟಿದರೆ ಸೊಪ್ಪಿನವರ ತಲೆಯ ಮೇಲಿನ ಅವಕಾಶ ಯಾರಿಗೂ ದಕ್ಕದೆ ಹಾಳಾಗುತ್ತದೆ, ಕಂಬಳಿಯವರಿಗೆ ಸಾಲದೇ ಹೋಗುತ್ತದೆ. ಅವರವರ ಬೇಡಿಕೆಯನ್ನು ತೂಕವಾಗಿ ಹಿಡಿದು ಎಪ್ಪತ್ತನಾಲ್ಕು ಬಿಂದುಗಳನ್ನು ಇಳಿಜಾರಿನ ಆ ಜಾಗದಲ್ಲಿ ಮೇಲೆ ಕೆಳಗೆ ಇರಿಸಿ, ಗೂಡಿನ ಲೆಕ್ಕ ಹಾಕಿ, ಆರನೆಯ ವಾರದಲ್ಲಿ ಅವರು ರಟ್ಟಿನ ಮಾದರಿಯೊಂದನ್ನು ಸಭೆಯ ಮುಂದೆ ತಂದಿಟ್ಟರು. ಬಿಡಿಸಿದ ದಾಳಿಂಬೆಯಂತೆ ಅದು ಬಹಳ ಚೆನ್ನಾಗಿತ್ತು. ಎಲ್ಲರೂ ತಮ್ಮ ತಮ್ಮ ಗೂಡು ಹುಡುಕಿದರು.

ಅವರು ಅಷ್ಟಕ್ಕೇ ನಿಲ್ಲದೆ, ಚಾವಡಿ ಕೆಡವಿ ಖಾಲಿಯಾಗಿದ್ದ ನಿವೇಶನದಲ್ಲಿ ಬಿದಿರಿನ ಗಳ ನೆಟ್ಟು, ಹುರಿಯೆಳೆದು, ಕೆಳಗಿನ ಅಂತಸ್ತನ್ನು ನಿಜ ಅಳತೆಯಲ್ಲಿ ಕಟ್ಟಿ ತೋರಿಸಿದರು. ಗೂಡು ಗೂಡಿನ ನಡುವಿನ ಗೋಡೆಯ ಜಾಗವನ್ನೇ ಸ್ವಲ್ಪ ಅಗಲಿಸಿ ಓಡಾಡಲು ದಾರಿ ಮಾಡಿದ್ದರು. ಕಾಟಮ್ಮ ಸುತ್ತಲೂ ನೋಡಿ, ತಮ್ಮ ಕಂಬಳಿ ಗಂಟನ್ನು ಎತ್ತಿ ಮೇಡಂ ಕೈಗೆ ಕೊಟ್ಟರು.

“ಇದನ್ನ ತಲೆ ಮ್ಯಾಲಿಟ್ಕಂಡು ನನ್ ಗೂಡಿಗೆ ಬರ್ರಿ ಮೇಡಮ್ಮ.”

ಪ್ರೊಫೆಸರ್ ನಸ್ರೀನ್ ಬಾನು ಅವರು ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೊರಟರು. ಮೊದಲ ತಿರುವು ದಾಟಿದರು. ಎರಡನೆಯದರಲ್ಲಿ ಹುರಿ ಹೆಗಲಿಗೆ ತಗುಲಿತು. ಮೂರನೆಯ ತಿರುವಿನಲ್ಲಿ ಗಂಟು ಗಳಕ್ಕೆ ಬಡಿದು ಜಾರಿ ಬಿತ್ತು, ಗಳವೂ ಬಿತ್ತು, ಅದರ ಹಿಂದೆ ನಾಲ್ಕು ಗೂಡುಗಳ ಹುರಿ ಸಡಿಲಗೊಂಡು ನೆಲಕ್ಕೆ ಕುಸಿಯಿತು. ನೆರೆದವರು ಗೊಳ್ಳೆಂದು ನಕ್ಕರು. ಮೇಡಂ ಕೂಡ ನಕ್ಕರು. ಆದರೆ ಕಾಟಮ್ಮ ನಗಲಿಲ್ಲ.

“ಕುಂತೋರಿಗೆಲ್ಲಾ ಜಾಗ ಕೊಟ್ಟೀರಿ. ನಡೆಯೋರಿಗೆ ಯಾಕೆ ಕೊಡ್ಲಿಲ್ಲ?”

ನಸ್ರೀನ್ ಅವರ ನಗು ನಿಂತಿತು. ಅವರು ಬಿದ್ದ ಗಂಟಿನ ಮೇಲೆಯೇ ಕೂತು, ನೀರು ಕೇಳಿ ಕುಡಿದು, “ನೀವು ಹೇಳೋದು ಸರಿ ಐತೆ ಕಾಟಮ್ಮ, ನಾನು ತಪ್ಪು ಮಾಡೀನಿ” ಎಂದು ಎಲ್ಲರೆದುರು ಹೇಳಿದರು. ಇಪ್ಪತ್ತು ವರ್ಷ ಆ ಲೆಕ್ಕವನ್ನು ಕಲಿಸಿದವರು ಹಾಗೆ ಹೇಳಿದ್ದನ್ನು ಕೇಳುತ್ತ ಪ್ರಭು ಬಿದ್ದ ಗಳವನ್ನು ಎತ್ತಿ ನಿಲ್ಲಿಸಿದ. ಗಡುವಿಗೆ ಉಳಿದದ್ದು ಹದಿನೈದು ದಿನ.

ಅಂದು ಮಧ್ಯಾಹ್ನ ಚಿತ್ರದುರ್ಗಕ್ಕೆ ಹೊರಟ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಹೊಳಲ್ಕೆರೆಯಲ್ಲಿ ಜನ ನುಗ್ಗಿ ಬಸ್ಸು ಕಾಲಿಡಲು ತೆರಪಿಲ್ಲದಂತೆ ತುಂಬಿತು. ಅಷ್ಟರಲ್ಲಿ ಕಂಡಕ್ಟರ್ ಹಿಂದಿನಿಂದ “ಟಿಕೆಟ್, ಟಿಕೆಟ್” ಎನ್ನುತ್ತ ಹೊರಟ. ಒಬ್ಬರು ಭುಜ ತಿರುಗಿಸಿದರು, ಒಬ್ಬರು ಚೀಲ ಎತ್ತಿಕೊಂಡರು, ಒಬ್ಬರು ಸೀಟಿನ ಕಡೆಗೆ ಬಾಗಿದರು. ಅವನು ಬಾಗಿಲ ತನಕ ಬಂದುಬಿಟ್ಟ. ನಸ್ರೀನ್ ಅವರು ಸೀಟಿನಿಂದ ಅರ್ಧ ಎದ್ದು ಅದನ್ನೇ ನೋಡುತ್ತಿದ್ದರು.

“ಪ್ರಭು, ಅವನಿಗೆ ಸೀಟಿಲ್ಲ. ಆದ್ರೂ ಎಲ್ಲಾರೂ ಅವನೊಬ್ಬ ಇದಾನೆ ಅಂತ ಲೆಕ್ಕ ಇಟ್ಕಂಡಿದಾರೆ. ನಾವು ಖಾಲಿ ಜಾಗಕ್ಕೂ ಒಂದು ಬಿಂದು ಇಡಬೇಕಿತ್ತು.”

ಮುಂದಿನ ಹದಿನೈದು ದಿನ ಅವರು ಮಾಡಿದ್ದು ಇಷ್ಟು. ಹೊರೆ ಹೊರುವವರನ್ನು ತಲೆಯ ಮೇಲೆ ಗಂಟಿಟ್ಟು ನಿವೇಶನದಲ್ಲಿ ನಡೆಸಿ, ಎಲ್ಲಿ ತಿರುಗುತ್ತಾರೆ, ಎಲ್ಲಿ ಇಳಿಸಿ ದಣಿವಾರಿಸಿಕೊಳ್ಳುತ್ತಾರೆ ಎಂದು ಗುರುತು ಹಾಕಿದರು. ಬೆಳಕು ಇಳಿಯಬೇಕಾದ ಕಡೆ, ಗಾಳಿ ಏರಬೇಕಾದ ಕಡೆ ಗುರುತು ಹಾಕಿದರು. ವ್ಯಾಪಾರಿಗಳ ಎಪ್ಪತ್ತನಾಲ್ಕು ಬಿಂದುಗಳ ಜೊತೆಗೆ ಯಾರೂ ಕೂರದ ಇಪ್ಪತ್ತೊಂದು ಬಿಂದುಗಳನ್ನು ಸೇರಿಸಿ, ಅವಕ್ಕೂ ತೂಕ ಕೊಟ್ಟು ಮತ್ತೆ ಲೆಕ್ಕ ಹಾಕಿದರು. ಈ ಸಲ ಖಾಲಿ ಗೂಡುಗಳು ಒಂದಕ್ಕೊಂದು ಕೈಹಿಡಿದು ಕೆಳಬೀದಿಯಿಂದ ಮೇಲುಬೀದಿಯವರೆಗೆ ಅಗಲವಾದ ಒಂದೇ ಏರುದಾರಿಯಾದವು. ಅದರ ನಡುವಿನ ಮೂರು ಕಡೆ ಸೂರಿನವರೆಗೂ ತೆರೆದು ಬೆಳಕಿನ ಬಾವಿಗಳಾದವು. ಹಿಂಬದಿ ಎಂಬುದೇ ಉಳಿಯಲಿಲ್ಲ. ಎಪ್ಪತ್ತನಾಲ್ಕು ಗೂಡುಗಳಿಗೂ ಒಂದು ಮಗ್ಗುಲಲ್ಲಿ ಬೆಳಕು ಸಿಕ್ಕಿತು.

ಕೊನೆಯ ಸಭೆಯಲ್ಲಿ ತಕರಾರು ಎತ್ತಿದವರು ಅಧ್ಯಕ್ಷ ನಾಗರಾಜ್ ಅವರೇ. “ನಂಗೆ ಜಾಗ ಕಮ್ಮಿ ಆತಲ್ಲ ಮೇಡಂ. ಎಲ್ಲಾರ್ಗಿಂತ ದೊಡ್ಡ ವ್ಯಾಪಾರ ನಂದು.”

“ಮೂಟೆ ಎಷ್ಟೆತ್ತರ ಪೇರಿಸ್ತೀರಿ?”

“ಆರಡಿ. ಅದ್ರ ಮ್ಯಾಲೆ ಹಮಾಲಿ ಕೈ ಹೋಗಲ್ಲ.”

“ಹಳೇ ನಕ್ಷೆಯಾಗೆ ನಿಮ್ಗೆ ಹತ್ತಡಿ ಎತ್ತರ ಐತೆ. ಮ್ಯಾಲಿನ ನಾಕಡಿ ಏನ್ಮಾಡ್ತೀರಿ?”

ನಾಗರಾಜ್ ಹಳೆಯ ನಕ್ಷೆಯ ಕಡೆಗೊಮ್ಮೆ ನೋಡಿದರು. “ಏನ್ಮಾಡ್ಲಿ, ಗಾಳೀನ ಮಾರಕ್ಕಾಗ್ತೈತಾ?” ಎಂದು ತಾವೇ ನಕ್ಕುಬಿಟ್ಟರು. ಆ ನಾಲ್ಕಡಿಯಲ್ಲಿಯೇ ಅವರ ಮೇಲೆ ಬುಟ್ಟಿ ಮಾರುವವರಿಬ್ಬರ ಗೂಡಿನ ನೆಲ ಇಳಿದು ಬಂದಿತ್ತು. ಹಾಗೆ ಉಳಿದ ಅವಕಾಶದಿಂದಲೇ ದಾರಿಗೂ ಬೆಳಕಿಗೂ ಜಾಗ ಹುಟ್ಟಿತ್ತು. ಮೇಡಂ ಅದನ್ನು ಮಾದರಿಯಲ್ಲಿ ಬೆರಳಿಟ್ಟು ತೋರಿಸಿದ ಮೇಲೆ ಒಪ್ಪಿಗೆಗೆ ಮೊದಲು ಕೈಯೆತ್ತಿದವರು ನಾಗರಾಜ್. ಚೀಟಿ ಎತ್ತುವ ಮಾತು ಅಲ್ಲಿಗೆ ಮುಗಿಯಿತು.

ವಾರೆ ಗೋಡೆಗಳನ್ನು ಇಟ್ಟಿಗೆಯಲ್ಲಿ ಕಟ್ಟಲಾಗದೆಂದು ಗಾರೆಯವರು ಕೈಚೆಲ್ಲಿದಾಗ, ಮೇಡಂ ಅವನ್ನು ಮಡಚಿದ ತಗಡಿನ ಹಲಗೆಗಳಲ್ಲಿ ಮಾಡಿಸಿ ಕಬ್ಬಿಣದ ಚೌಕಟ್ಟಿಗೆ ಬೋಲ್ಟು ಹಾಕಿಸಿದರು. ಎಪ್ಪತ್ತನಾಲ್ಕು ಬಗೆಯ ಗೂಡುಗಳಿಗೆ ಹನ್ನೊಂದೇ ಬಗೆಯ ಹಲಗೆ ಸಾಕಾಗುವಂತೆ ಲೆಕ್ಕ ತಿದ್ದಿಕೊಂಡರು. ಅವರ ತಂದೆ ಆಗ ಬದುಕಿರಲಿಲ್ಲ. ಮೊದಲ ಹಲಗೆ ಮಡಚಿದ ದಿನ ನಸ್ರೀನ್ ಅವರು ವರ್ಕ್‌ಶಾಪಿನಿಂದ ಬೇಗನೆ ಹೊರಟುಹೋದರು.

ನಡುವೆ ಸಾಂಕ್ರಾಮಿಕದ ಕಾಲದಲ್ಲಿ ಕೆಲಸ ಒಂದೂವರೆ ವರ್ಷ ನಿಂತು, ೨೦೨೨ರಲ್ಲಿ ಸಂತೆಮನೆ ತೆರೆಯಿತು. ಎಲ್ಲವೂ ಸರಿಯಾಯಿತೆಂದು ಬರೆದರೆ ಮೇಡಂ ಅವರೇ ಈ ಪುಟ ಹರಿದಾರು. ಮೊದಲ ಮಳೆಗೆ ಸೂರಿನ ತಗಡು ಮಾಡಿದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ, ತೆಂಗಿನ ನಾರಿನ ಹಾಸು ಹೊದಿಸಬೇಕಾಯಿತು. ಪಡುವಣ ಬದಿಯ ಎರಡು ಗೂಡುಗಳಲ್ಲಿ ಈಗಲೂ ಬೇಸಿಗೆಯ ಮಧ್ಯಾಹ್ನ ಕೂರಲಾಗದು. ಆದರೆ ತೆರೆದಂದಿನಿಂದ ಇಂದಿನವರೆಗೆ ರಸ್ತೆ ಬದಿಗೆ ಮರಳಿ ಹೋದವರು ಇಬ್ಬರೇ.

ಕಳೆದ ಡಿಸೆಂಬರಿನಲ್ಲಿ ಮೇಡಂ ಮತ್ತು ಪ್ರಭು ಸಂತೆಮನೆಗೆ ಹೋದರು. ಕಾಟಮ್ಮನ ಗೂಡಿಗೂ ಪಕ್ಕದ ದ್ಯಾಮಮ್ಮನ ಗೂಡಿಗೂ ನಡುವಿದ್ದ ಹಲಗೆ ನಕ್ಷೆಯಲ್ಲಿದ್ದಂತೆ ಇರಲಿಲ್ಲ. ಅದರ ಬುಡ ಮೊದಲಿನ ಜಾಗದಲ್ಲೇ ಇತ್ತು. ತುದಿ ಮಾತ್ರ ದ್ಯಾಮಮ್ಮನ ತಲೆಯ ಮೇಲಕ್ಕೆ ಬಾಗಿತ್ತು. ಹಾಗೆ ಬಾಗಿ ಸಿಕ್ಕ ಅವಕಾಶದಲ್ಲಿ ಆರು ಕಂಬಳಿ ಹೆಚ್ಚಿಗೆ ನೇತಾಡುತ್ತಿದ್ದವು. ಪ್ರಭು ಗಾಬರಿಯಾದ.

“ಯಾರನ್ನ ಕೇಳಿ ಸರಿಸಿದ್ರಿ ಕಾಟಮ್ಮ?”

“ದ್ಯಾಮಮ್ಮನ್ನ ಕೇಳ್ದೆ. ಇನ್ಯಾರನ್ನ ಕೇಳ್ಬೇಕಿತ್ತು?”

ಸೊಪ್ಪಿನ ಕಟ್ಟುಗಳ ಹಿಂದಿನಿಂದ ದ್ಯಾಮಮ್ಮ ದನಿಗೂಡಿಸಿದರು. “ಚಳಿಗಾಲದಾಗೆ ಅವಳದು ವ್ಯಾಪಾರ ಜಾಸ್ತಿ ಮೇಡಮ್ಮ. ಯುಗಾದಿ ಕಳೆದ್ ಮ್ಯಾಲೆ ನಂಗೆ ಮಾವಿನಕಾಯಿ ಬುಟ್ಟಿ ಕಟ್ಟಾಕೆ ಜಾಗ ಬೇಕು, ಆವಾಗ ಆ ಕಡೀಗೆ ಬಗ್ಗಿಸ್ತೀವಿ.”

ತಮ್ಮ ಆರು ವರ್ಷಗಳ ಲೆಕ್ಕವನ್ನು ಇಬ್ಬರು ಹೆಂಗಸರು ಒಂದು ಸ್ಪ್ಯಾನರಿನಿಂದ ತಿದ್ದಿದ್ದನ್ನು ಕಂಡು ನಸ್ರೀನ್ ಅವರಿಗೆ ಬೇಸರವಾಗಬಹುದೆಂದು ಪ್ರಭು ಅವರ ಮುಖ ನೋಡಿದ. ಅವರು ಆಗಲೇ ಚಪ್ಪಲಿ ಕಳಚಿ ದ್ಯಾಮಮ್ಮನ ಚಾಪೆಯ ಮೇಲೆ ಕೂತು, ಕತ್ತೆತ್ತಿ ಹಲಗೆಯ ಓರೆ ನೋಡುತ್ತ, “ಇನ್ನೂ ಯಾರ್ಯಾರು ಸರಿಸಿದಾರೆ?” ಎಂದು ಕೇಳುತ್ತಿದ್ದರು. ಸಂಜೆಯೊಳಗೆ ಎಣಿಸಿದಾಗ ಇಪ್ಪತ್ತೊಂಬತ್ತು ಹಲಗೆಗಳು ಜಾಗ ಬಿಟ್ಟಿದ್ದವು. ಒಂದರ ಬಗ್ಗೆಯೂ ಜಗಳವಿರಲಿಲ್ಲ. ಒಂದೇ ಒಂದು ಹಲಗೆಯನ್ನೂ ದಾರಿಯ ಕಡೆಗೆ ಸರಿಸಿರಲಿಲ್ಲ.

ಋತುವಿನೊಡನೆ, ನೆರೆಹೊರೆಯ ಮಾತಿನೊಡನೆ ಬದಲಾಗುವ ಗೂಡುಗಳಿಗೆ ಲೆಕ್ಕ ಬರೆಯುವುದು ಹೇಗೆಂದು ಅವರಿಗೆ ಇನ್ನೂ ತಿಳಿದಿಲ್ಲ. ತಿಳಿದಿಲ್ಲವೆಂಬುದನ್ನು ಅವರು ಹಿಗ್ಗಿನಿಂದಲೇ ಹೇಳುತ್ತಾರೆ. ಹಿರಿಯೂರಿನ ಹೂವಿನ ವ್ಯಾಪಾರಿಗಳು ತಮ್ಮ ಇಕ್ಕಟ್ಟಾದ ಓಣಿಯನ್ನು ನೋಡಲು ಬರಬೇಕೆಂದು ಕೇಳಿದ್ದಾರೆ. ನಿವೃತ್ತಿಯ ಮರುವಾರವೇ ಬರುವುದಾಗಿ ಅವರು ಮಾತು ಕೊಟ್ಟಾಗಿದೆ. ಆ ಓಣಿಯ ಮೆಟ್ಟಿಲುಗಳನ್ನೂ ಅದರಾಚೆಯ ನೂರಾರು ಮೆಟ್ಟಿಲುಗಳನ್ನೂ ಹತ್ತಿಳಿಯಲು ಅವರ ಮಂಡಿಗಳಿಗೆ ಬಲವಿರಲಿ, ಮೊದಲಿನಂತೆಯೇ ಜನರ ಪಕ್ಕದಲ್ಲಿ ಕೂತು ಕೇಳಲು ನೂರು ಸಂತೆಗಳು ಉಳಿದಿರಲಿ, ತಪ್ಪಿದಾಗ ತಪ್ಪಿದೆನೆಂದು ಹೇಳುವ ಅವರ ದನಿಯನ್ನು ಇನ್ನೊಂದು ತಲೆಮಾರಿನ ಇಂಜಿನಿಯರುಗಳು ಕೇಳುವಂತಾಗಲಿ ಎಂದು ಅವರ ಶಿಷ್ಯರಾದ ನಾವೆಲ್ಲ ಹಾರೈಸುತ್ತೇವೆ. ಈ ಲೇಖನವನ್ನು ಓದಿ ತೋರಿಸಿದಾಗ ಕಾಟಮ್ಮನವರು ತಮ್ಮದೂ ಒಂದು ಮಾತು ಸೇರಿಸಬೇಕೆಂದರು: “ರಜ ಆತು ಅಂತ ಮನ್ಯಾಗೆ ಕುಂತ್ಕಬ್ಯಾಡ್ರಿ ಅಂತ ಬರೀರಿ. ಬರೋ ಸಂತೆಗೆ ಬರಾಕೆ ಹೇಳ್ರಿ.”